ಎಲ್ಲರಿಗೂ ಮೇಂಟೇನರ್ ಅಧಿಕಾರ ಕೊಟ್ಟಾಗಿದೆ, ಈಗ ಇಳಿಸುವುದು ಹೇಗೆ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ. ಒಟ್ಟು ಹನ್ನೊಂದು ಜನ. ಅಡಿಕೆ ಅಂಗಡಿಗಳಿಗೆ, ಒಂದೆರಡು ಸೊಸೈಟಿಗಳಿಗೆ ತೂಕದ ಚೀಟಿ, ಬಿಲ್ಲು, ದಲಾಲಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೂರು ವರ್ಷದ ಹಿಂದೆ ಆಫೀಸಿನ ಸರ್ವರ್‌ನಲ್ಲೇ, ಕೋಡ್ ಇಟ್ಟು ನೋಡಿಕೊಳ್ಳುವ ಗಿಟ್‌ಲ್ಯಾಬ್‌ನ ಉಚಿತ ಆವೃತ್ತಿ ಹಾಕಿಕೊಂಡೆವು. ಆಗ ಇದ್ದವರು ನಾಲ್ಕೇ ಜನ. ರಗಳೆ ಬೇಡ ಎಂದು ಗ್ರೂಪ್ (ಎಲ್ಲ ಪ್ರಾಜೆಕ್ಟ್‌ಗಳೂ ಇರುವ ಗುಂಪು) ಮಟ್ಟದಲ್ಲೇ ಎಲ್ಲರಿಗೂ ಮೇಂಟೇನರ್ ಅಧಿಕಾರ ಕೊಟ್ಟೆವು. ಆಮೇಲೆ ಬಂದವರಿಗೂ ಅದೇ ರೂಢಿ ಮುಂದುವರಿಯಿತು. ಮೂರು ವಾರದ ಹಿಂದೆ ಹೊಸ ಹುಡುಗನೊಬ್ಬ ಮೇನ್ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಪ್ರತಿಗೆ) ಫೋರ್ಸ್ ಪುಶ್ ಮಾಡಿದ, ಅಂದರೆ ಅಲ್ಲಿದ್ದದ್ದರ ಮೇಲೆ ತನ್ನದನ್ನು ಬಲವಂತವಾಗಿ ಹಾಕಿದ. ಮೂರು ದಿನದ ಕೆಲಸ ಹೋಯಿತು. ಮತ್ತೆ ಕೂತು ಬರೆದೆವು. ಈ ನಡುವೆ ಹಳೆಯ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ಕೆಲಸಕ್ಕೆ ಹೊರಟಿದ್ದಾರೆ. ಜಗಳ ಏನೂ ಇಲ್ಲ. ಅವರ ಖಾತೆ ಡಿಲೀಟ್ ಮಾಡಿದರೆ ಅವರು ಬರೆದ ಕೋಡ್ ಹೋಗುತ್ತದೆಯೇ? ತೂಕದ ಯಂತ್ರಕ್ಕೆ ಸಂಬಂಧಿಸಿದ ಭಾಗವನ್ನು ಹೊನ್ನಾವರದ ಒಬ್ಬರಿಗೆ ಹೊರಗೆ ಕೊಡುತ್ತಿದ್ದೇವೆ. ಅವರಿಗೆ ಆ ಒಂದು ಫೋಲ್ಡರ್ ಮಾತ್ರ ಕಾಣುವಂತೆ ಮಾಡಬಹುದೇ? ಇದಕ್ಕೆಲ್ಲ ದುಡ್ಡಿನ ಆವೃತ್ತಿ ಬೇಕೇ? ಸರ್ವರ್ ನಮ್ಮ ಕೋಣೆಯಲ್ಲೇ ಇರುವುದರಿಂದ ಹೊರಗಿನವರ ಭಯ ಇಲ್ಲ ಎಂದುಕೊಂಡಿದ್ದೇನೆ. ನಿಜವಾದ ತಲೆನೋವು ಬೇರೆ. ಇಷ್ಟು ವರ್ಷ ಕೊಟ್ಟದ್ದನ್ನು ಈಗ ಕಿತ್ತುಕೊಂಡರೆ ಹುಡುಗರು ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾವ ಬಟನ್ ಒತ್ತಬೇಕು ಎನ್ನುವುದು ನಿಮಗೆ ಹೆಚ್ಚುಕಡಿಮೆ ಗೊತ್ತೇ ಇದೆ. ಒತ್ತಲು ಕೈ ಬರುತ್ತಿಲ್ಲ, ಅಲ್ವಾ? ಕುಮಟಾದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಸಣ್ಣ ಕಂಪನಿಗಳ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹೋದಲ್ಲೆಲ್ಲ ಇದೇ ಕಥೆ. ನಾಲ್ಕು ಜನ ಇದ್ದಾಗ ಅನುಕೂಲಕ್ಕೆಂದು ಕೊಟ್ಟದ್ದು ಹನ್ನೊಂದು ಜನ ಆಗುವಷ್ಟರಲ್ಲಿ ಪದವಿಯಾಗಿರುತ್ತದೆ. ಹೆಸರಿನದೂ ಸ್ವಲ್ಪ ತಪ್ಪಿದೆ ಬಿಡಿ. 2018ರವರೆಗೆ ಈ ಮೇಂಟೇನರ್ ಅನ್ನು ಗಿಟ್‌ಲ್ಯಾಬ್ ‘ಮಾಸ್ಟರ್’ ಎಂದೇ ಕರೆಯುತ್ತಿತ್ತು. ಮಾಸ್ಟರ್ ಆದವನಿಗೆ ಇಳಿ ಎಂದರೆ ಬೇಜಾರಾಗದೆ ಇನ್ನೇನು?

ನಮ್ಮ ಕಡೆಯ ಅಡಿಕೆ ಮನೆಗಳಲ್ಲಿ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರಿಗೆ ಸಿಗುವ ಮರ್ಯಾದೆ ನಿಮಗೆ ಗೊತ್ತಿದೆ. ಅವರು ಬರದಿದ್ದರೆ ಬೆಳೆ ಮರದಲ್ಲೇ ಉಳಿಯಿತು. ಹಿಂದಿನ ದಿನವೇ ಫೋನ್ ಮಾಡಿ, ಬೆಳಿಗ್ಗೆ ಕಾದು ಕೂತು, ಆಸರಿ ಕೊಟ್ಟು ಕರೆದೊಯ್ಯುತ್ತೇವೆ. ಆದರೂ ಮಾಳಿಗೆಯ ಬೀಗದಕೈ ಅವರ ಸೊಂಟದಲ್ಲಿ ಇರುವುದಿಲ್ಲ. ಅವರೂ ಕೇಳುವುದಿಲ್ಲ. ತೋಟದ ದಣಪೆ ತೆಗೆದಿದ್ದರೆ ಅವರ ಕೆಲಸ ಸಾಗಿತು. ಇದರಲ್ಲಿ ಯಾರಿಗೂ ಅವಮಾನ ಆದದ್ದು ನಾನು ನೋಡಿಲ್ಲ. ಗಿಟ್‌ಲ್ಯಾಬ್‌ನಲ್ಲೂ ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಮನುಷ್ಯ ಈ ವಾರ ಮಾಡುವ ಕೆಲಸಕ್ಕೆ ಯಾವ ಬಾಗಿಲು ತೆರೆದಿರಬೇಕು?

ಒಳ್ಳೆಯವರಿಗೆ ಎಷ್ಟು ಕೊಟ್ಟರೂ ತೊಂದರೆ ಇಲ್ಲ ಎನ್ನುವ ನಂಬಿಕೆ ನಿಮ್ಮ ಪತ್ರದಲ್ಲಿ ಎರಡು ಕಡೆ ಇಣುಕುತ್ತದೆ. ಅದಕ್ಕೆ ಗಿಟ್‌ಲ್ಯಾಬ್ ಕಂಪನಿಯದೇ ಉದಾಹರಣೆ ಕೊಡುತ್ತೇನೆ. 2017ರ ಜನವರಿ 31ರಂದು ಅವರ ಸ್ವಂತ ಆನ್‌ಲೈನ್ ಸೇವೆಯ ಡೇಟಾಬೇಸ್ ಕೈಕೊಟ್ಟಿತ್ತು. ಸರಿ ಮಾಡುತ್ತಿದ್ದ ಎಂಜಿನಿಯರ್ ರಾತ್ರಿ ಹೊತ್ತು ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಅಳಿಸುವ ಕಮಾಂಡ್ ಕೊಟ್ಟರು. ತಕ್ಷಣ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ ನೆಚ್ಚಿಕೊಳ್ಳುವಂಥದ್ದು ಒಂದೂ ಸಿಗಲಿಲ್ಲ. ಕೊನೆಗೆ ಸುಮಾರು ಆರು ಗಂಟೆಯ ಡೇಟಾ ಹೋಗಿಯೇ ಹೋಯಿತು. ಇದನ್ನೆಲ್ಲ ಕಂಪನಿಯೇ ಮುಚ್ಚಿಡದೆ ಹೇಳಿಕೊಂಡಿತು. ಆ ಎಂಜಿನಿಯರ್ ಕಳ್ಳರಲ್ಲ, ಹೊಸಬರೂ ಅಲ್ಲ. ಸುಸ್ತಾಗಿದ್ದರು, ಕೈಯಲ್ಲಿ ಪೂರ್ತಿ ಅಧಿಕಾರ ಇತ್ತು.

ಈಗ ಯಂತ್ರದ ವಿಷಯಕ್ಕೆ ಬರೋಣ. ಗಿಟ್‌ಲ್ಯಾಬ್‌ನಲ್ಲಿ ಮುಖ್ಯವಾಗಿ ಐದು ಮೆಟ್ಟಿಲು: ಗೆಸ್ಟ್, ರಿಪೋರ್ಟರ್, ಡೆವಲಪರ್, ಮೇಂಟೇನರ್, ಓನರ್. ಒಳಗಡೆ ಇವಕ್ಕೆ 10, 20, 30, 40, 50 ಎಂದು ಅಂಕೆ ಇದೆ. (ಈಚೆಗೆ ಪ್ಲಾನರ್ ಎಂಬುದೊಂದು 15ರಲ್ಲಿ ಬಂದು ಕೂತಿದೆ. ನಿಮಗೆ ಬೇಕಾಗಲಿಕ್ಕಿಲ್ಲ.) ಈ ಅಂಕೆ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಒಬ್ಬರಿಗೆ ಗ್ರೂಪ್‌ನಲ್ಲಿ ಒಂದು ಅಂಕೆ, ಪ್ರಾಜೆಕ್ಟ್‌ನಲ್ಲಿ ಇನ್ನೊಂದು ಇದ್ದರೆ ದೊಡ್ಡದೇ ಗೆಲ್ಲುತ್ತದೆ. ಗ್ರೂಪ್‌ನಲ್ಲಿ 40 ಇದ್ದವರನ್ನು ಒಳಗಿನ ಪ್ರಾಜೆಕ್ಟ್ ಒಂದರಲ್ಲಿ 30 ಮಾಡಲು ಬರುವುದೇ ಇಲ್ಲ. ಕೆಳಗೆ ಹೋದಂತೆ ಏರಿಸಬಹುದು, ಇಳಿಸುವಂತಿಲ್ಲ. ಮೇಲಿನ ಕೆರೆಯ ತೂಬು ಪೂರ್ತಿ ತೆಗೆದಿಟ್ಟು ಒಂದು ಗದ್ದೆಗೆ ಮಾತ್ರ ನೀರು ಕಮ್ಮಿ ಮಾಡುತ್ತೇನೆ ಎಂದರೆ ಹೇಗೆ?

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಗ್ರೂಪ್‌ನಲ್ಲಿ. ಅಲ್ಲಿ ಎಲ್ಲರನ್ನೂ ರಿಪೋರ್ಟರ್‌ಗೆ ತನ್ನಿ. ಕೋಡ್ ಓದಬಹುದು, ಕ್ಲೋನ್ (ಪೂರ್ತಿ ಪ್ರತಿ) ಮಾಡಿಕೊಳ್ಳಬಹುದು, ಇಶ್ಯೂ (ದೂರು, ಬೇಡಿಕೆಯ ಚೀಟಿ) ಬರೆಯಬಹುದು. ಆಮೇಲೆ ಯಾರು ಯಾವ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡುತ್ತಾರೋ ಅಲ್ಲಿ ಡೆವಲಪರ್ ಮಾಡಿ. ಅಂಗಡಿಗಳ ನಿಜವಾದ ಡೇಟಾ ಇಟ್ಟ ಪ್ರಾಜೆಕ್ಟ್ ಏನಾದರೂ ಇದ್ದರೆ (ಇರಬಾರದು, ಆದರೆ ಇರುತ್ತದೆ) ಅದಕ್ಕೆ ಬೇರೆಯೇ ಗ್ರೂಪ್ ಮಾಡಿ. ಗ್ರೂಪ್‌ನಲ್ಲಿ ಇಳಿಸಿದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಯಾರೋ ಯಾವತ್ತೋ ಪ್ರಾಜೆಕ್ಟ್‌ಗೇ ನೇರವಾಗಿ ಮೇಂಟೇನರ್ ಎಂದು ಸೇರಿಸಿದ್ದು ಹಾಗೇ ಉಳಿದಿರುತ್ತದೆ. ಪ್ರತಿ ಪ್ರಾಜೆಕ್ಟ್‌ನ ಸದಸ್ಯರ ಪುಟದಲ್ಲಿ ಈ ಅಧಿಕಾರ ಎಲ್ಲಿಂದ ಬಂತು ಎಂದು ತೋರಿಸುವ ಕಾಲಂ ಇದೆ. ಒಂದು ಮಧ್ಯಾಹ್ನ ಕೂತು ಅದನ್ನೇ ನೋಡುತ್ತ ಹೋಗಿ.

ಡೆವಲಪರ್ ಮತ್ತು ಮೇಂಟೇನರ್ ನಡುವೆ ಅಂಥ ವ್ಯತ್ಯಾಸ ಏನು? ಡೆವಲಪರ್ ಕೋಡ್ ಬರೆಯುತ್ತಾರೆ, ತಮ್ಮ ಬ್ರಾಂಚ್‌ಗೆ ಪುಶ್ ಮಾಡುತ್ತಾರೆ, ಮರ್ಜ್ ರಿಕ್ವೆಸ್ಟ್ (ಇದನ್ನು ಮೇನ್‌ಗೆ ಸೇರಿಸಿ ಎಂಬ ಮನವಿ) ಹಾಕುತ್ತಾರೆ. ದಿನದ ಕೆಲಸಕ್ಕೆ ಇದು ಸಾಕು. ಮೇಂಟೇನರ್ ಬಾಗಿಲುಗಳನ್ನೇ ಬದಲಿಸಬಹುದು. ಹೊಸ ಸದಸ್ಯರನ್ನು ಸೇರಿಸಬಹುದು, ಪೈಪ್‌ಲೈನ್‌ನ (ಕೋಡ್ ಪರೀಕ್ಷಿಸಿ ಕಳಿಸುವ, ತಾನಾಗಿ ನಡೆಯುವ ಕೆಲಸಗಳ ಸಾಲು) ಗುಟ್ಟಿನ ಪಾಸ್‌ವರ್ಡ್ ನೋಡಬಹುದು, ಡಿಪ್ಲಾಯ್ ಕೀ (ಯಂತ್ರಗಳು ಕೋಡ್ ತೆಗೆದುಕೊಳ್ಳಲು ಬಳಸುವ ಕೀಲಿ) ಹಾಕಬಹುದು, ಬ್ರಾಂಚ್‌ನ ರಕ್ಷಣೆ ತೆಗೆಯಬಹುದು.

ಈ ಕೊನೆಯದೇ ನಿಮ್ಮಲ್ಲಿ ಆದದ್ದು. ಗಿಟ್‌ಲ್ಯಾಬ್ ಹೊಸ ಪ್ರಾಜೆಕ್ಟ್‌ನ ಮೇನ್ ಬ್ರಾಂಚ್ ಅನ್ನು ತಾನಾಗಿಯೇ ರಕ್ಷಿಸುತ್ತದೆ. ಅಲ್ಲಿಗೆ ಫೋರ್ಸ್ ಪುಶ್ ಮಾಡಲು ಮೇಂಟೇನರ್‌ಗೂ ಬಿಡುವುದಿಲ್ಲ. ಹಾಗಿದ್ದೂ ಆ ಹುಡುಗನಿಂದ ಆಯಿತು ಎಂದರೆ ಅದಕ್ಕೂ ಮೊದಲು ಯಾರೋ ‘ಇದೊಂದು ಅಡ್ಡ’ ಎಂದು ರಕ್ಷಣೆ ತೆಗೆದಿದ್ದಾರೆ. ಅಥವಾ ಫೋರ್ಸ್ ಪುಶ್‌ಗೆ ಅನುಮತಿ ಆನ್ ಮಾಡಿದ್ದಾರೆ. ಹನ್ನೊಂದು ಜನರಲ್ಲಿ ಯಾರು ಬೇಕಾದರೂ ಆಗಿರಬಹುದು, ನೀವೂ ಸೇರಿ. ಹುಡುಗನನ್ನು ಬೈದಿದ್ದರೆ ಒಂದು ಕಪ್ ಚಹಾ ಕುಡಿಸಿ ಸರಿ ಮಾಡಿಕೊಳ್ಳಿ.

ಅವನೇ ಮಾಡಿದ್ದು ಎಂದು ಹೇಗೆ ಗೊತ್ತಾಯಿತು ಎಂದೂ ಕೇಳಬೇಕೆನಿಸುತ್ತದೆ. ಕಮಿಟ್‌ನಲ್ಲಿ (ಉಳಿಸಿದ ಬದಲಾವಣೆಯ ದಾಖಲೆಯಲ್ಲಿ) ಹೆಸರು ಇತ್ತು ಎಂದಾದರೆ ಅದು ಸಾಕ್ಷಿ ಅಲ್ಲ. ಗಿಟ್‌ಲ್ಯಾಬ್‌ನ ಕೆಳಗೆ ಓಡುವ ಗಿಟ್‌ನಲ್ಲಿ ಹೆಸರು, ಇಮೇಲ್ ಎರಡೂ ಬರೆಯುವವನೇ ತುಂಬಿಕೊಳ್ಳುವುದು. ನಾನು ಇವತ್ತು ನಿಮ್ಮ ಹೆಸರಿನಲ್ಲಿ ಕಮಿಟ್ ಮಾಡಬಹುದು. ನಿಜವಾಗಿ ಯಾವ ಖಾತೆಯಿಂದ ಪುಶ್ ಆಯಿತು ಎನ್ನುವುದು ಪ್ರಾಜೆಕ್ಟ್‌ನ ಆ್ಯಕ್ಟಿವಿಟಿ ಪುಟದಲ್ಲಿ ಇರುತ್ತದೆ. ಅದನ್ನು ನಂಬಿ.

ಇನ್ನೊಂದು ವಿಷಯ ಹೇಳಲು ಸಂಕಟವಾಗುತ್ತದೆ. ಆ ಮೂರು ದಿನದ ಕೆಲಸ ಹೆಚ್ಚಾಗಿ ಎಲ್ಲೂ ಹೋಗಿರಲಿಲ್ಲ. ಫೋರ್ಸ್ ಪುಶ್ ಹಳೆಯ ಕಮಿಟ್‌ಗಳನ್ನು ಕೂಡಲೇ ಅಳಿಸುವುದಿಲ್ಲ, ಬ್ರಾಂಚ್‌ನ ಹೆಸರಿನ ಚೀಟಿಯನ್ನು ಬೇರೆ ಕಡೆ ಅಂಟಿಸುತ್ತದೆ ಅಷ್ಟೇ. ಆ ಮೂರು ದಿನದಲ್ಲಿ ಯಾರು ಪುಲ್ ಮಾಡಿದ್ದರೋ (ಸರ್ವರ್‌ನಿಂದ ತಂದುಕೊಂಡಿದ್ದರೋ) ಅವರ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಇರುತ್ತದೆ. ಗಿಟ್‌ನಲ್ಲಿ ರೆಫ್‌ಲಾಗ್ ಎಂಬ ಕಮಾಂಡ್ ಇದೆ. ಬ್ರಾಂಚ್ ಯಾವ ಯಾವ ಕಮಿಟ್‌ನಲ್ಲಿ ಇತ್ತು ಎಂಬ ದಿನಚರಿ ಅದು. ಹೀಗೆ ಅನಾಥವಾದ ಕಮಿಟ್‌ಗಳ ದಾಖಲೆಯನ್ನೂ ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಆಗಿ ಮೂರೇ ವಾರ ಎನ್ನುತ್ತೀರಿ. ಇವತ್ತೂ ಸಿಗಬಹುದು, ಹೋಲಿಸಿ ನೋಡಲಿಕ್ಕಾದರೂ ಬಂತು. ಮುಂದೆ ಹೀಗಾದರೆ ಮೊದಲು ಎಲ್ಲರಿಗೂ ‘ಯಾರೂ ಪುಲ್ ಮಾಡಬೇಡಿ, ಕೈ ತೆಗೆಯಿರಿ’ ಎಂದು ಕೂಗಿ ಹೇಳಿ. ಆಮೇಲೆ ಹಳೆಯ ಪ್ರತಿ ಇದ್ದವರ ಯಂತ್ರದಿಂದ ಹೊಸ ಹೆಸರಿನ ಬ್ರಾಂಚ್ ಆಗಿ ಪುಶ್ ಮಾಡಿಸಿ. ಹತ್ತು ನಿಮಿಷದ ಕೆಲಸ.

ಮೇನ್‌ಗೆ ಈಗ ಹಾಕಬೇಕಾದ ಬೀಗ ಹೀಗಿದೆ. ನೇರ ಪುಶ್: ಯಾರಿಗೂ ಇಲ್ಲ, ನಿಮಗೂ ಇಲ್ಲ. ಫೋರ್ಸ್ ಪುಶ್: ಆಫ್. ಮರ್ಜ್ ಯಾರು ಮಾಡಬಹುದು ಎನ್ನುವಲ್ಲಿ ಎರಡು ದಾರಿ. ಡೆವಲಪರ್‌ಗಳಿಗೂ ಬಿಟ್ಟರೆ ಕೆಲಸ ಬೇಗ ಸಾಗುತ್ತದೆ. ಆದರೆ ತಾವು ಬರೆದದ್ದನ್ನು ತಾವೇ ಮರ್ಜ್ ಮಾಡಿಕೊಳ್ಳಬಹುದು. ಜೊತೆಗೆ ಮೇನ್‌ನ ಪೈಪ್‌ಲೈನ್‌ನಲ್ಲಿ ಅಂಗಡಿಗಳಿಗೆ ಅಪ್‌ಡೇಟ್ ಕಳಿಸುವ ಪಾಸ್‌ವರ್ಡ್ ಇದ್ದರೆ ಅದೂ ಅವರ ಕೈಗೆಟುಕುತ್ತದೆ. ಮೇಂಟೇನರ್‌ಗಳಿಗೆ ಮಾತ್ರ ಎಂದರೆ ಬಿಗಿ ಬರುತ್ತದೆ, ಆದರೆ ಅವರ ಮೇಜಿನ ಮುಂದೆ ಸಾಲು ಬೆಳೆಯುತ್ತದೆ. ನಾನಾದರೆ ನಿಮ್ಮಲ್ಲಿ ಮೂವರು ಮೇಂಟೇನರ್ ಇಡುತ್ತಿದ್ದೆ, ಮರ್ಜ್ ಅವರಿಗೆ ಮಾತ್ರ. ಇಬ್ಬರು ಸಾಲದು. ಒಬ್ಬರು ಮದುವೆ ಮನೆಯಲ್ಲಿ, ಇನ್ನೊಬ್ಬರು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಮಲಗಿರುವಾಗಲೇ ಯಾವುದೋ ಅಂಗಡಿಯಲ್ಲಿ ಬಿಲ್ಲು ನಿಲ್ಲುತ್ತದೆ.

ಕೆಲಸ ಬಿಡುವವರ ಖಾತೆ ವಿಷಯ. ಡಿಲೀಟ್ ಮಾಡಬೇಡಿ, ಬ್ಲಾಕ್ ಮಾಡಿ. ಡಿಲೀಟ್ ಮಾಡಿದರೂ ನಿಮ್ಮ ಗ್ರೂಪ್‌ನ ಪ್ರಾಜೆಕ್ಟ್‌ಗಳಲ್ಲಿ ಅವರು ಬರೆದ ಕೋಡ್ ಹೋಗುವುದಿಲ್ಲ. ಕಮಿಟ್‌ನಲ್ಲಿ ಹೆಸರು ಬರೀ ಅಕ್ಷರವಾಗಿ ಕೂತಿರುತ್ತದೆ, ಖಾತೆ ಇರಲಿ ಬಿಡಲಿ. ಅವರ ಇಶ್ಯೂ, ಮರ್ಜ್ ರಿಕ್ವೆಸ್ಟ್, ಕಾಮೆಂಟುಗಳು ‘ಘೋಸ್ಟ್ ಯೂಸರ್’ ಎಂಬ ಹೆಸರಿಗೆ ಹೋಗುತ್ತವೆ. ಅಕ್ಷರಶಃ ಭೂತವೇ! ಆದರೆ ಅವರ ಸ್ವಂತ ಹೆಸರಿನ ಜಾಗದಲ್ಲಿ ಇಟ್ಟುಕೊಂಡ ಪ್ರಾಜೆಕ್ಟ್‌ಗಳು ಖಾತೆಯ ಜೊತೆಗೇ ಹೋಗುತ್ತವೆ. ಸುಮ್ನೆ ಟ್ರೈ ಮಾಡೋಣ ಎಂದು ಅಲ್ಲಿ ಶುರು ಮಾಡಿದ್ದು, ಈಗ ನಾಲ್ಕು ಅಂಗಡಿಯಲ್ಲಿ ಓಡುತ್ತಿರುವ ಪುಟ್ಟ ಪ್ರಿಂಟರ್ ಪ್ರೋಗ್ರಾಮ್ ಒಂದು ಅಲ್ಲಿ ಇದ್ದೇ ಇರುತ್ತದೆ. ಮೊದಲು ಅದನ್ನು ಗ್ರೂಪ್‌ಗೆ ವರ್ಗಾಯಿಸಿ. ಡಿಲೀಟ್ ಕೇಳುವಾಗ ‘ಕೊಡುಗೆಗಳ ಸಮೇತ ಅಳಿಸು’ ಎಂಬ ಇನ್ನೊಂದು ಬಟನ್ ಪಕ್ಕದಲ್ಲೇ ಇರುತ್ತದೆ. ಅದು ಸ್ಪ್ಯಾಮ್ ಖಾತೆಗಳಿಗೆ. ಅದರ ಹತ್ತಿರ ಹೋಗಬೇಡಿ.

ಬ್ಲಾಕ್ ಮಾಡಿದ ಮೇಲೆ ಲಾಗಿನ್ ಇಲ್ಲ, ಪುಶ್ ಇಲ್ಲ, ಅವರ ಪರ್ಸನಲ್ ಟೋಕನ್‌ಗಳೂ (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಅಕ್ಷರಸಾಲು) ನಡೆಯುವುದಿಲ್ಲ. ಒಳ್ಳೆಯದೇ. ತೊಂದರೆ ಏನೆಂದರೆ, ಆ ಟೋಕನ್ ಮೇಲೆ ಏನೇನು ನಿಂತಿದೆ ಎಂದು ಯಾರಿಗೂ ನೆನಪಿರುವುದಿಲ್ಲ. ಒಂದು ಕಡೆ ನಾನೇ ಇದಕ್ಕೆ ಸಿಕ್ಕಿದ್ದೆ. ಸೋಮವಾರ ಹಳಬರೊಬ್ಬರನ್ನು ಬ್ಲಾಕ್ ಮಾಡಿ ನಿಶ್ಚಿಂತೆಯಿಂದ ಘಟ್ಟ ಇಳಿದೆ. ಎರಡು ವಾರದ ಮೇಲೆ ಫೋನ್ ಬಂತು, ಯಾವ ಗಿರಾಕಿಗೂ ಅಪ್‌ಡೇಟ್ ಹೋಗುತ್ತಿಲ್ಲ ಎಂದು. ಹೋಗಿ ಗಿರಾಕಿಯ ಕಂಪ್ಯೂಟರ್ ನೋಡಿದೆ. ಕೀಬೋರ್ಡ್ ಮೇಲೆ ಅಡಿಕೆ ಧೂಳು, ಪಕ್ಕದಲ್ಲಿ ಕವಳದ ಬಟ್ಟಲು. ಗಿಟ್‌ನ ಕಾನ್ಫಿಗ್ ಫೈಲ್ ತೆರೆದರೆ ಸರ್ವರ್ ವಿಳಾಸದ ಮಧ್ಯದಲ್ಲೇ ‘ಜಿಎಲ್‌ಪ್ಯಾಟ್’ ಎಂದು ಶುರುವಾಗುವ ಟೋಕನ್ ಕೂತಿತ್ತು. ಅದು ಆ ಹಳಬರದು. ಮೂವತ್ತು ಚಿಲ್ಲರೆ ಕಡೆ ಅದನ್ನೇ ಹಾಕಿಟ್ಟಿದ್ದರು. ಅಂದರೆ ಇಷ್ಟು ದಿನ ಮೂವತ್ತು ಅಂಗಡಿಗಳ ಮೇಜಿನ ಮೇಲೆ ಒಬ್ಬ ಮೇಂಟೇನರ್‌ನ ಕೀ ಬಿದ್ದಿತ್ತು. ನಿಂತದ್ದೇ ಪುಣ್ಯ ಎನ್ನಬೇಕು. ಅದೇ ಕಂಪನಿಯಲ್ಲಿ ರಾತ್ರಿಯ ಪೈಪ್‌ಲೈನ್ ಕೂಡ ನಿಂತಿತ್ತು. ನಿಗದಿ ಮಾಡಿಟ್ಟ ಪೈಪ್‌ಲೈನ್ ಅದರ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಒಡೆಯ ಬ್ಲಾಕ್ ಆದರೆ ಅದೂ ಓಡುವುದಿಲ್ಲ. ಬೇರೆಯವರು ಹೋಗಿ ಒಡೆತನ ತೆಗೆದುಕೊಳ್ಳಬೇಕು. ಅದಕ್ಕೊಂದು ಬಟನ್ ಇದೆ.

ಆದ್ದರಿಂದ ನಿಮ್ಮ ಸಹೋದ್ಯೋಗಿ ಇನ್ನೂ ಆಫೀಸಿಗೆ ಬರುತ್ತಿರುವಾಗಲೇ ಅವರ ಜೊತೆ ಕೂತು ಕೇಳಿ: ನಿಮ್ಮ ಟೋಕನ್ ಎಲ್ಲೆಲ್ಲಿದೆ, ಎಸ್‌ಎಸ್‌ಎಚ್ ಕೀ (ಸರ್ವರ್ ತೆರೆಯುವ ಕೀಲಿ ಫೈಲ್) ಎಲ್ಲೆಲ್ಲಿದೆ, ಶೆಡ್ಯೂಲ್ ಏನೇನಿದೆ? ಜಗಳ ಇಲ್ಲದ ವಿದಾಯದ ದೊಡ್ಡ ಲಾಭ ಇದೇ. ಅಂಗಡಿಗಳಲ್ಲಿ ಮನುಷ್ಯರ ಟೋಕನ್ ಬದಲು ಡಿಪ್ಲಾಯ್ ಟೋಕನ್ ಹಾಕಿ. ಅದು ಪ್ರಾಜೆಕ್ಟ್‌ಗೆ ಸೇರಿದ್ದು, ಓದುವ ಅಧಿಕಾರ ಮಾತ್ರ ಕೊಡಬಹುದು, ಯಾರು ಬಂದರೂ ಹೋದರೂ ನಡೆಯುತ್ತದೆ. ಅದೇ ಕಾರಣಕ್ಕೆ ಒಂದು ಅಪಾಯವೂ ಉಂಟು. ಡಿಪ್ಲಾಯ್ ಕೀ, ಡಿಪ್ಲಾಯ್ ಟೋಕನ್‌ನ ಪ್ರತಿ ಅವರ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಖಾತೆ ಬ್ಲಾಕ್ ಮಾಡಿದ್ದರಿಂದ ಅದು ಸಾಯುವುದಿಲ್ಲ. ಅವರು ಹೋದ ಮೇಲೆ ಬದಲಿಸಬೇಕು. ಈ ಕೆಲಸಕ್ಕೆ ಮಾರ್ಚ್ ಕೊನೆಯ ವಾರ ಮಾತ್ರ ಕೈ ಹಾಕಬೇಡಿ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅಂಗಡಿಯವರು ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಅವರ ಲ್ಯಾಪ್‌ಟಾಪ್‌ನಲ್ಲಿರುವ ಕೋಡ್ ಪ್ರತಿ? ಅದನ್ನು ಯಾವ ಪರ್ಮಿಷನ್ನೂ ವಾಪಸ್ ತರುವುದಿಲ್ಲ. ಗಿಟ್‌ನಲ್ಲಿ ಸಾಮಾನ್ಯವಾಗಿ ಕ್ಲೋನ್ ಮಾಡಿದವರ ಬಳಿ ಪೂರ್ತಿ ಇತಿಹಾಸ ಇರುತ್ತದೆ. ಅದು ಮಾತಿನಲ್ಲಿ, ಕಾಗದದಲ್ಲಿ ಬಗೆಹರಿಸುವ ವಿಷಯ.

ಹೊನ್ನಾವರದವರಿಗೆ ಒಂದು ಫೋಲ್ಡರ್ ಮಾತ್ರ ತೋರಿಸಬಹುದೇ ಎಂದಿರಿ. ಆಗುವುದಿಲ್ಲ. ದುಡ್ಡು ಕೊಟ್ಟರೂ ಆಗುವುದಿಲ್ಲ. ರೆಪಾಸಿಟರಿ (ಒಂದು ಪ್ರಾಜೆಕ್ಟ್‌ನ ಕೋಡ್ ಇಡುವ ಕಣಜ) ಓದಬಹುದು ಎಂದರೆ ಪೂರ್ತಿ ಓದಬಹುದು. ಫೋಲ್ಡರ್‌ಗೆ ಇಂತಿಂಥವರು ಒಡೆಯರು ಎಂದು ಗುರುತಿಸುವ ಸೌಲಭ್ಯ ದುಡ್ಡಿನ ಆವೃತ್ತಿಯಲ್ಲಿ ಇದೆ. ಅದು ಬದಲಾವಣೆಗೆ ಒಪ್ಪಿಗೆ ಯಾರದು ಎಂದು ಹೇಳುತ್ತದೆಯೇ ಹೊರತು ಮರೆಮಾಡುವುದಿಲ್ಲ. ಇರುವ ದಾರಿ ಒಂದೇ, ತೂಕದ ಯಂತ್ರದ ಭಾಗವನ್ನು ಬೇರೆ ರೆಪಾಸಿಟರಿ ಮಾಡುವುದು. ಹಾಗೆ ಮಾಡುವಾಗ ಹಳೆಯದನ್ನೇ ನಕಲು ಮಾಡಿ ಉಳಿದ ಫೋಲ್ಡರ್ ಅಳಿಸಿ ಕಮಿಟ್ ಮಾಡಬೇಡಿ. ಹಿಂದಿನ ಕಮಿಟ್‌ಗೆ ಹೋದರೆ ದಲಾಲಿ ಲೆಕ್ಕವೆಲ್ಲ ಅಲ್ಲೇ ಇರುತ್ತದೆ. ಇತಿಹಾಸ ಬಿಟ್ಟು ಫೈಲ್‌ಗಳನ್ನಷ್ಟೇ ಹೊಸದರಲ್ಲಿ ಹಾಕಿ. ಇತಿಹಾಸ ಬೇಕೇ ಬೇಕು ಎಂದರೆ ಗಿಟ್ ಫಿಲ್ಟರ್-ರೆಪೊ ಎಂಬ ಸಾಧನ ಆ ಫೋಲ್ಡರ್‌ನ ಇತಿಹಾಸವನ್ನು ಮಾತ್ರ ಸೋಸಿ ಕೊಡುತ್ತದೆ.

ಅವರ ಖಾತೆಯನ್ನು ‘ಎಕ್ಸ್‌ಟರ್ನಲ್’ ಎಂದು ಗುರುತು ಮಾಡಿ. ಇದನ್ನು ಮರೆಯುವವರು ಜಾಸ್ತಿ. ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಯಾವುದಾದರೂ ‘ಇಂಟರ್ನಲ್’ ಎಂದಿದ್ದರೆ ಲಾಗಿನ್ ಆದ ಯಾರು ಬೇಕಾದರೂ ಅದನ್ನು ಓದಬಹುದು, ಸದಸ್ಯರೇ ಆಗಿರಬೇಕಿಲ್ಲ. ‘ಇಂಟರ್ನಲ್ ಅಂದರೆ ನಮ್ಮ ಕಂಪನಿ ಒಳಗೆ’ ಎಂದು ಓದಿಕೊಂಡು ಹಾಗೆ ಇಟ್ಟಿರುತ್ತಾರೆ. ಎಕ್ಸ್‌ಟರ್ನಲ್ ಗುರುತು ಇದ್ದವರಿಗೆ ಅದು ಕಾಣುವುದಿಲ್ಲ. ಸದಸ್ಯರಾಗಿ ಸೇರಿಸುವಾಗ ಕೊನೆಯ ದಿನಾಂಕವನ್ನೂ ಹಾಕಿ. ಒಪ್ಪಂದ ಮೂರು ತಿಂಗಳಾದರೆ ಮೂರು ತಿಂಗಳು. ಅವತ್ತು ನಿಮಗೆ ನೆನಪಿಲ್ಲದಿದ್ದರೂ ಬಾಗಿಲು ತಾನಾಗಿ ಮುಚ್ಚುತ್ತದೆ.

ಇನ್ನು ನೀವು ಕೇಳದೇ ಇದ್ದದ್ದು. ಸದಸ್ಯರ ಪುಟ ಎಷ್ಟೇ ಚೆಂದ ಮಾಡಿದರೂ ಹಿತ್ತಿಲ ಬಾಗಿಲು ಒಂದಿದೆ, ಅದು ರನ್ನರ್. ಪೈಪ್‌ಲೈನ್‌ನ ಕೆಲಸಗಳನ್ನು ಓಡಿಸುವುದು ಅದೇ. ಪೈಪ್‌ಲೈನ್‌ನಲ್ಲಿ ಏನು ಓಡಬೇಕು ಎಂದು ಬರೆಯುವ ಫೈಲ್ ರೆಪಾಸಿಟರಿಯಲ್ಲೇ ಇರುತ್ತದೆ. ಅಂದರೆ ಡೆವಲಪರ್ ಆದ ಯಾರೇ ಆಗಲಿ ತಮ್ಮ ಬ್ರಾಂಚ್‌ನಲ್ಲಿ ಅದನ್ನು ಬದಲಿಸಿ, ತಮಗೆ ಬೇಕಾದ ಕಮಾಂಡ್ ಅನ್ನು ರನ್ನರ್ ಯಂತ್ರದಲ್ಲಿ ಓಡಿಸಬಹುದು. ಸಣ್ಣ ಕಂಪನಿಗಳಲ್ಲಿ ರನ್ನರ್ ಎಲ್ಲಿರುತ್ತದೆ? ಗಿಟ್‌ಲ್ಯಾಬ್ ಇರುವ ಅದೇ ಸರ್ವರ್‌ನಲ್ಲಿ. ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಸಾಧನ) ಸರಿಯಾಗಿ ಓಡಲಿಲ್ಲ ಎಂದು ರನ್ನರ್‌ನ ಖಾತೆಯನ್ನು ಡಾಕರ್ ಗುಂಪಿಗೆ ಸೇರಿಸಿರುತ್ತಾರೆ. ಡಾಕರ್ ಗುಂಪು ಎಂದರೆ ಆ ಯಂತ್ರದ ರೂಟ್ ಅಧಿಕಾರ ಕೊಟ್ಟ ಹಾಗೆಯೇ. ಮುಂಬಾಗಿಲಲ್ಲಿ ಡೆವಲಪರ್, ಹಿತ್ತಿಲಲ್ಲಿ ಯಜಮಾನ. ರನ್ನರ್ ಅನ್ನು ಬೇರೆ ಯಂತ್ರಕ್ಕೆ ಹಾಕಿ. ಹಳೆಯ ಡೆಸ್ಕ್‌ಟಾಪ್ ಸಾಕು.

ಪೈಪ್‌ಲೈನ್‌ನ ಗುಟ್ಟಿನ ವೇರಿಯಬಲ್‌ಗಳಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ಮಾಸ್ಕ್’ ಮಾಡಿದ್ದೇವೆ, ಲಾಗ್‌ನಲ್ಲಿ ಕಾಣುವುದಿಲ್ಲ ಎನ್ನುತ್ತಾರೆ. ಮಾಸ್ಕ್ ಆ ಅಕ್ಷರಗಳನ್ನು ಇದ್ದ ಹಾಗೇ ಬರೆದರೆ ಮಾತ್ರ ಮುಚ್ಚುತ್ತದೆ. ತಿರುಗಿಸಿ ಬರೆದರೆ, ಬೇಸ್64 ಎಂಬ ಬೇರೆ ಅಕ್ಷರರೂಪಕ್ಕೆ ಬದಲಿಸಿದರೆ ಹೊರಗೆ ಬರುತ್ತದೆ. ಬೇಕಾದದ್ದು ‘ಪ್ರೊಟೆಕ್ಟೆಡ್’ ಗುರುತು. ಆಗ ರಕ್ಷಿತ ಬ್ರಾಂಚ್‌ನ ಪೈಪ್‌ಲೈನ್‌ಗೆ ಮಾತ್ರ ಆ ಪಾಸ್‌ವರ್ಡ್ ಸಿಗುತ್ತದೆ. ಮೇನ್‌ಗೆ ಮರ್ಜ್ ಮೂವರಿಗೆ ಮಾತ್ರ ಇರಲಿ ಎಂದದ್ದು ಇದೇ ಕಾರಣಕ್ಕೆ. ಹಿಂದೆ ಯಾರಾದರೂ ಪಾಸ್‌ವರ್ಡ್ ಅನ್ನು ಕೋಡ್‌ನಲ್ಲೇ ಬರೆದು ಆಮೇಲೆ ಅಳಿಸಿದ್ದರೆ ಇತಿಹಾಸದಲ್ಲಿ ಅದು ಇದ್ದೇ ಇದೆ. ಅಳಿಸುತ್ತ ಕೂರಬೇಡಿ, ಪಾಸ್‌ವರ್ಡ್ ಬದಲಿಸಿ.

ಸರ್ವರ್ ನಮ್ಮ ಕೋಣೆಯಲ್ಲಿದೆ ಎನ್ನುವುದು ಅರ್ಧ ಸಮಾಧಾನ. ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡಲಿ ಎಂದು ರೂಟರ್‌ನಲ್ಲಿ ಪೋರ್ಟ್ ತೆರೆದಿದ್ದೀರಾ? ಹಾಗಾದರೆ ಅದು ಕೋಣೆಯಲ್ಲಿಲ್ಲ, ರಸ್ತೆಯಲ್ಲಿದೆ. 2021ರಲ್ಲಿ ಗಿಟ್‌ಲ್ಯಾಬ್‌ನಲ್ಲಿ ಸಿವಿಇ-2021-22205 (ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಸಂಖ್ಯೆ) ಎಂಬ ದೋಷ ಬಂತು. ಚಿತ್ರದ ಫೈಲ್ ಒಂದನ್ನು ಕಳಿಸಿ, ಲಾಗಿನ್ನೇ ಇಲ್ಲದೆ ಸರ್ವರ್‌ನಲ್ಲಿ ಕಮಾಂಡ್ ಓಡಿಸಬಹುದಿತ್ತು. ಅಪ್‌ಡೇಟ್ ಮಾಡದ ಎಷ್ಟೋ ಸರ್ವರ್‌ಗಳು ಹಾಗೇ ಹೋದವು. 2024ರ ಜನವರಿಯಲ್ಲಿ ಇನ್ನೊಂದು, ಸಿವಿಇ-2023-7028. ಪಾಸ್‌ವರ್ಡ್ ಮರೆತಿದ್ದೇನೆ ಎಂಬ ಪತ್ರ ಬೇರೆಯವರ ಇಮೇಲ್‌ಗೂ ಹೋಗುವಂತಿತ್ತು. ಎರಡು ಹಂತದ ಲಾಗಿನ್ ಇದ್ದವರ ಖಾತೆಯೊಳಗೆ ಮಾತ್ರ ಹಾಗೆ ನುಗ್ಗಲಾಗಲಿಲ್ಲ. ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿ, ಉಚಿತ ಆವೃತ್ತಿಯಲ್ಲೇ ಬರುತ್ತದೆ. ಹೊಸ ಆವೃತ್ತಿ ಪ್ರತಿ ತಿಂಗಳು ಬರುತ್ತದೆ. ಮೂರು ವರ್ಷದಿಂದ ಅಪ್‌ಡೇಟ್ ಮಾಡಿಲ್ಲವಾದರೆ ಒಂದೇ ಜಿಗಿತಕ್ಕೆ ಆಗುವುದಿಲ್ಲ. ನಡುನಡುವೆ ನಿಲ್ಲಬೇಕಾದ ಆವೃತ್ತಿಗಳಿವೆ, ಪಟ್ಟಿ ನೋಡಿಕೊಂಡು ಏರಿ. ಬ್ಯಾಕಪ್ ಮೊದಲು. ಗಿಟ್‌ಲ್ಯಾಬ್‌ನ ಬ್ಯಾಕಪ್ ಕಮಾಂಡ್ ಗುಟ್ಟಿನ ಕೀಗಳಿರುವ ಸೀಕ್ರೆಟ್ಸ್ ಫೈಲ್ ಅನ್ನು ಸೇರಿಸಿಕೊಳ್ಳುವುದಿಲ್ಲ. ಅದನ್ನು ಬೇರೆಯಾಗಿ, ಬೇರೆ ಜಾಗದಲ್ಲಿ ಇಡಬೇಕು. ಅದಿಲ್ಲದೆ ಬ್ಯಾಕಪ್ ಹಾಕಿದರೆ ಪೈಪ್‌ಲೈನ್‌ನ ಪಾಸ್‌ವರ್ಡ್‌ಗಳು ಬಿಚ್ಚಿಕೊಳ್ಳುವುದಿಲ್ಲ, ಎರಡು ಹಂತದ ಲಾಗಿನ್ ಇದ್ದವರು ಹೊರಗೇ ನಿಲ್ಲುತ್ತಾರೆ.

ಸರ್ವರ್‌ನ ಲಿನಕ್ಸ್‌ನಲ್ಲಿ ರೂಟ್ ಅಧಿಕಾರ ಯಾರಿಗೆಲ್ಲ ಇದೆ ಎಂದೂ ಒಮ್ಮೆ ನೋಡಿ. ಅಲ್ಲಿ ಕೂತವರು ಒಂದೇ ಕಮಾಂಡ್‌ನಲ್ಲಿ ಗಿಟ್‌ಲ್ಯಾಬ್ ಅಡ್ಮಿನ್ ಪಾಸ್‌ವರ್ಡ್ ಬದಲಿಸಬಹುದು. ಓನರ್, ಅಡ್ಮಿನ್ ಎಲ್ಲರಿಗಿಂತ ಅವರೇ ಮೇಲೆ.

ದುಡ್ಡಿನ ಆವೃತ್ತಿ ಈಗ ಬೇಡ. ಇಷ್ಟು ಜನ ಒಪ್ಪದೆ ಮರ್ಜ್ ಆಗಕೂಡದು ಎಂಬ ಕಡ್ಡಾಯ, ಇಂಥ ಬ್ರಾಂಚ್ ಇಂಥ ವ್ಯಕ್ತಿಗೆ ಮಾತ್ರ ಎಂಬ ನಿಯಮ, ಯಾರು ಯಾವ ಸೆಟ್ಟಿಂಗ್ ಬದಲಿಸಿದರು ಎಂಬ ಪೂರ್ತಿ ದಾಖಲೆ, ಇವು ಅದರಲ್ಲಿ ಸಿಗುತ್ತವೆ. ಹನ್ನೊಂದು ಜನ ಒಂದೇ ಹಾಲ್‌ನಲ್ಲಿ ಕೂತಿರುವಾಗ ಬಾಯಿಮಾತೇ ಸಾಕು. ಪೈಪ್‌ಲೈನ್ ಪಾಸಾಗದೆ ಮರ್ಜ್ ಇಲ್ಲ ಎನ್ನುವ ಸೆಟ್ಟಿಂಗ್ ಉಚಿತದಲ್ಲೇ ಇದೆ, ಅದನ್ನು ಆನ್ ಮಾಡಿ. ಸರ್ವರ್ ಹಳೆಯದಾಗಿ ಗಿಟ್‌ಲ್ಯಾಬ್ ಎಳೆಯಲಾರದೆ ಏದುಸಿರು ಬಿಡುತ್ತಿದ್ದರೆ ಅಂಥದ್ದೇ ಕೆಲಸ ಮಾಡುವ ಗಿಟೀ ಅಥವಾ 2022ರಲ್ಲಿ ಅದರಿಂದ ಒಡೆದು ಬಂದ ಫೋರ್ಜೆಯೊ ನೋಡಬಹುದು. ತುಂಬಾ ಹಗುರ. ಪರ್ಮಿಷನ್ ಸರಿ ಹೋಗಲಿ ಎಂದು ಮಾತ್ರ ಮನೆ ಬದಲಿಸಬೇಡಿ. ಅಭ್ಯಾಸ ಗಾಡಿ ಹತ್ತಿ ನಿಮ್ಮ ಜೊತೆಗೇ ಬರುತ್ತದೆ.

ಹುಡುಗರಿಗೆ ಹೇಗೆ ಹೇಳುವುದು ಎಂದಿರಿ. ಬಹುಶಃ ನೀವು ದಿನವೂ ಕೆಲಸ ಮಾಡುವುದು ಅಡ್ಮಿನ್ ಖಾತೆಯಲ್ಲೇ ಇರಬೇಕು, ಹೆಚ್ಚಿನವರು ಹಾಗೇ. ನಿಮಗೆ ಎರಡು ಖಾತೆ ಮಾಡಿಕೊಳ್ಳಿ. ಅಡ್ಮಿನ್‌ನದು ಬೇರೆ, ಅದರ ಪಾಸ್‌ವರ್ಡ್ ಮತ್ತು ರಿಕವರಿ ಕೋಡ್ ಲಕೋಟೆಯಲ್ಲಿ ಹಾಕಿ ಗೋದ್ರೇಜ್‌ನಲ್ಲಿಡಿ. ಇನ್ನೊಬ್ಬ ನಂಬಿಕಸ್ತರಿಗೂ ಆ ಜಾಗ ಗೊತ್ತಿರಲಿ. ದಿನದ ಕೆಲಸದ ಖಾತೆಯನ್ನು ಡೆವಲಪರ್ ಮಾಡಿ. ಶನಿವಾರ ಎಲ್ಲರೂ ಕೂತಾಗ ಪ್ರೊಜೆಕ್ಟರ್ ಹಾಕಿ ಸದಸ್ಯರ ಪುಟ ತೆರೆಯಿರಿ, ಮೊದಲು ನಿಮ್ಮ ಹೆಸರಿನ ಮುಂದೆ ಇಳಿಸಿ. ಆಮೇಲೆ ಮೂವರು ಮೇಂಟೇನರ್ ಯಾರಾಗಬೇಕು ಎಂದು ಅವರನ್ನೇ ಕೇಳಿ. ರಾತ್ರಿ ಹನ್ನೊಂದಕ್ಕೆ ಅಂಗಡಿಯವರ ಫೋನ್ ಬಂದರೆ ಎತ್ತಬೇಕಾದವರೂ ಅದೇ ಮೂವರು ಎಂದು ಸೇರಿಸಿ ಹೇಳಿ. ಕೈ ಎತ್ತುವವರು ಎಷ್ಟು ಜನ, ನೋಡಿ.